ಈಟಿಂಗ್ ಡಿಸಾರ್ಡರ್: ಯಾರಿಗೆ ಯಾವ ಚಿಕಿತ್ಸೆ, ಹೇಗೆ ಆರಿಸಿಕೊಳ್ಳುವುದು?

ಈಟಿಂಗ್ ಡಿಸಾರ್ಡರ್‌ಗೆ, ಅಂದರೆ ಊಟದ ಜೊತೆಗಿನ ಸಂಬಂಧವೇ ಕೆಟ್ಟುಹೋಗುವ ಕಾಯಿಲೆಗೆ, ಚಿಕಿತ್ಸೆ ಹುಡುಕಲು ಹೊರಟ ಕೂಡಲೇ ತಲೆ ಕೆಟ್ಟುಹೋಗುತ್ತದೆ. ಒಬ್ಬರು ‘ಅಡ್ಮಿಟ್ ಮಾಡಿ’ ಅನ್ನುತ್ತಾರೆ. ಇನ್ನೊಬ್ಬರು ‘ಕೌನ್ಸೆಲಿಂಗ್ ಸಾಕು’ ಅನ್ನುತ್ತಾರೆ. ಮತ್ತೊಬ್ಬರು ಡಯಟ್ ಚಾರ್ಟ್ ಬರೆದು ಕೈಗಿಡುತ್ತಾರೆ. ನೆಂಟರಿಷ್ಟರು ‘ವಯಸ್ಸಿನ ಹುಚ್ಚು, ತಾನಾಗೇ ಸರಿಹೋಗುತ್ತೆ’ ಅಂದು ಕೈತೊಳೆದುಕೊಳ್ಳುತ್ತಾರೆ. ಮೊದಲ ಮೂವರ ಮಾತು ಒಬ್ಬೊಬ್ಬರ ವಿಷಯದಲ್ಲಿ ಸರಿಯಿರಬಹುದು. ಕೊನೆಯ ಮಾತನ್ನು ಮಾತ್ರ ನಂಬಿಕೊಂಡು ಕೂರಬೇಡಿ.

ನನ್ನ ಪ್ರಕಾರ ಆಯ್ಕೆ ನಿಂತಿರುವುದು ಮೂರು ಪ್ರಶ್ನೆಗಳ ಮೇಲೆ. ದೇಹ ಈಗ ಅಪಾಯದಲ್ಲಿದೆಯಾ? ವಯಸ್ಸೆಷ್ಟು, ಜೊತೆಗೆ ನಿಲ್ಲುವವರು ಯಾರಿದ್ದಾರೆ? ಕಾಯಿಲೆ ಯಾವ ಬಗೆಯದು? ‘ನೋಡೋಕೆ ಸಣ್ಣಗಾಗಿದ್ದಾರಾ’ ಅನ್ನುವ ಪ್ರಶ್ನೆ ಇದರಲ್ಲಿ ಇಲ್ಲ. ‘ಅವರಿಗೇ ವಾಸಿಯಾಗುವ ಮನಸ್ಸಿದೆಯಾ’ ಅನ್ನುವುದೂ ಇಲ್ಲ. ಈ ಎರಡನ್ನೇ ಮೊದಲು ಕೇಳಿಕೊಂಡು ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಕಾಲ ಹಾಳಾಗುತ್ತದೆ.

ನಾಲ್ಕು ಕಾಯಿಲೆ, ನಾಲ್ಕು ಮುಖ

ಚಿಕಿತ್ಸೆಗಳನ್ನು ಹೋಲಿಸುವ ಮುಂಚೆ ಕಾಯಿಲೆಗಳನ್ನೇ ಅಕ್ಕಪಕ್ಕ ಇಟ್ಟು ನೋಡಬೇಕು. ಒಂದಕ್ಕೆ ಹೊಂದುವ ಮದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಅನೊರೆಕ್ಸಿಯಾದಲ್ಲಿ ತಿನ್ನುವುದು ಕಡಿಮೆಯಾಗುತ್ತಾ ಹೋಗುತ್ತದೆ, ತೂಕ ಇಳಿಯುತ್ತದೆ, ಆದರೂ ದಪ್ಪಗಾಗಿಬಿಡುತ್ತೇನೆ ಅನ್ನುವ ಭಯ ಹೋಗುವುದಿಲ್ಲ. ಹೊರಗೆ ಕಾಣುವ ಲಕ್ಷಣಗಳು ಬೇರೆಬೇರೆ. ಸೆಕೆಯಲ್ಲೂ ಚಳಿ ಅಂತ ಮೇಲೆ ಮೇಲೆ ಬಟ್ಟೆ ಹಾಕಿಕೊಳ್ಳುವುದು. ತಟ್ಟೆಯಲ್ಲಿದ್ದುದನ್ನು ಚಿಕ್ಕ ಚಿಕ್ಕ ಚೂರು ಮಾಡಿ ಒಂದು ಗಂಟೆ ಎಳೆಯುವುದು. ಮನೆಯವರಿಗೆಲ್ಲ ಪ್ರೀತಿಯಿಂದ ಅಡುಗೆ ಮಾಡಿ ಬಡಿಸಿ, ‘ನಂದು ಆಗಲೇ ಆಯ್ತು’ ಅಂದುಬಿಡುವುದು. ಕೂದಲು ಉದುರುತ್ತದೆ, ಮೈಮೇಲೆ ನವಿರಾದ ರೋಮ ಬೆಳೆಯುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಮುಟ್ಟು ನಿಲ್ಲಬಹುದು. ಆದರೆ ಮುಟ್ಟು ಸರಿಯಾಗಿ ಬರುತ್ತಿದೆ, ಹಾಗಾಗಿ ಇದು ಅನೊರೆಕ್ಸಿಯಾ ಅಲ್ಲ ಅನ್ನುವಂತಿಲ್ಲ. ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಆ ಷರತ್ತನ್ನು 2013ರಲ್ಲೇ ತೆಗೆದುಹಾಕಿತು. ಗಂಡಸರಿಗೂ ಈ ಕಾಯಿಲೆ ಬರುತ್ತದೆ ಅನ್ನುವುದನ್ನು ಆ ಹಳೆಯ ಷರತ್ತು ಮರೆತೇಬಿಟ್ಟಿತ್ತು.

ಬುಲಿಮಿಯಾ ಒಳಗಿಂದೊಳಗೆ ನಡೆಯುವ ಕಾಯಿಲೆ. ಸ್ವಲ್ಪ ಹೊತ್ತಿನಲ್ಲೇ, ಕೈ ತಡೆಯಲಾಗದೆ, ವಿಪರೀತ ತಿನ್ನುವುದು. ಆಮೇಲೆ ಅದನ್ನು ‘ಸರಿಮಾಡಲು’ ವಾಂತಿ, ಭೇದಿ ಮಾತ್ರೆ, ಉಪವಾಸ, ಇಲ್ಲವೇ ಮಿತಿಮೀರಿದ ವ್ಯಾಯಾಮ. ವಾರಕ್ಕೆ ಒಂದು ಸಲದಂತೆ ಮೂರು ತಿಂಗಳು ನಡೆದರೂ ಸಾಕು, ಅದು ಬುಲಿಮಿಯಾ. ತೂಕ ಹೆಚ್ಚುಕಡಿಮೆ ಎಲ್ಲರಂತೆ ಇರುವುದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಊಟ ಆದ ತಕ್ಷಣ ಬಾತ್‌ರೂಮ್, ನಲ್ಲಿ ಜೋರಾಗಿ ಬಿಟ್ಟ ಸದ್ದು, ದವಡೆಯ ಹತ್ತಿರ ಊದಿದ ಕೆನ್ನೆ, ಸವೆದ ಹಲ್ಲು, ಬೆರಳ ಗೆಣ್ಣುಗಳ ಮೇಲೆ ಗಾಯದ ಗುರುತು. ಈ ಗೆಣ್ಣಿನ ಗುರುತಿಗೆ 1979ರಲ್ಲಿ ಬುಲಿಮಿಯಾವನ್ನು ಮೊದಲು ವಿವರಿಸಿದ ಜೆರಾಲ್ಡ್ ರಸೆಲ್ ಅವರ ಹೆಸರನ್ನೇ ಇಟ್ಟಿದ್ದಾರೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಭೇದಿ ಮಾತ್ರೆಯಿಂದ ಇಳಿಯುವುದು ಕೊಬ್ಬಲ್ಲ, ನೀರು. ಅದು ಕೆಲಸ ಮಾಡುವ ಹೊತ್ತಿಗೆ ಆಹಾರದ ಸತ್ವವನ್ನು ಸಣ್ಣಕರುಳು ಬಹುತೇಕ ಹೀರಿಕೊಂಡಾಗಿರುತ್ತದೆ. ಹೋಗುವುದು ನೀರು ಮತ್ತು ಪೊಟ್ಯಾಶಿಯಂ. ಪೊಟ್ಯಾಶಿಯಂ ಕುಸಿದರೆ ಹೃದಯದ ಲಯ ತಪ್ಪುತ್ತದೆ.

ಬಿಂಜ್ ಈಟಿಂಗ್‌ನಲ್ಲಿ ವಿಪರೀತ ತಿನ್ನುವುದಿದೆ, ಆಮೇಲೆ ಹೊರಹಾಕುವುದು ಇಲ್ಲ. ಬೇಗ ಬೇಗ, ಒಬ್ಬರೇ ಕೂತು, ಹಸಿವಿಲ್ಲದಿದ್ದರೂ, ಹೊಟ್ಟೆ ನೋಯುವವರೆಗೆ ತಿಂದು, ಆಮೇಲೆ ತಮ್ಮ ಮೇಲೆ ತಮಗೇ ಅಸಹ್ಯ. ಇದಕ್ಕೂ 2013ರಲ್ಲೇ ಡಿಎಸ್‌ಎಂನಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿತು. ಅಲ್ಲಿಯವರೆಗೆ ‘ನಾಲಿಗೆ ಚಪಲ’ ಅಂತಲೇ ತಳ್ಳಿಹಾಕಿದವರು ಜಾಸ್ತಿ. ಈಗಲೂ ಕಡಿಮೆಯೇನಿಲ್ಲ.

ಆರ್ಫಿಡ್ ಈ ಮೂರಕ್ಕಿಂತ ಪೂರ್ತಿ ಬೇರೆ. ಇಲ್ಲಿ ದಪ್ಪಗಾಗುವ ಭಯವೇ ಇರುವುದಿಲ್ಲ. ಕೆಲವು ಬಗೆಯ ಆಹಾರ ಬಾಯಿಗಿಟ್ಟರೆ ತಡೆಯಲಾಗುವುದಿಲ್ಲ, ಇಲ್ಲವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ವಾಂತಿಯಾಗುತ್ತದೆ ಅನ್ನುವ ಹೆದರಿಕೆ, ಇಲ್ಲವೇ ಹಸಿವಿನ ಮೇಲೆ ಆಸಕ್ತಿಯೇ ಇಲ್ಲ. ‘ಹಠ’ ಅಂತ ಹೊಡೆದು ತಿನ್ನಿಸಿದರೆ ಕೆಡುವುದೇ ಹೊರತು ಸುಧಾರಿಸುವುದಿಲ್ಲ. ಹೆದರಿಸಿದ ಆಹಾರದ ಹತ್ತಿರಕ್ಕೆ ಒಂದೊಂದೇ ಹೆಜ್ಜೆ ಕರೆದೊಯ್ಯುವ ಚಿಕಿತ್ಸೆ ಇದಕ್ಕೆ ಬೇಕು. ಮೈ ಬಗ್ಗೆ ಮಾತಾಡುತ್ತಾ ಕೂರುವ ಚಿಕಿತ್ಸೆಯಿಂದ ಪ್ರಯೋಜನವಿಲ್ಲ.

ಇವು ಗೋಡೆ ಕಟ್ಟಿದ ಕೋಣೆಗಳಲ್ಲ. ಅನೊರೆಕ್ಸಿಯಾದಿಂದ ಬುಲಿಮಿಯಾಕ್ಕೆ ಜಾರುವವರು ಬಹಳ ಮಂದಿ. ದಪ್ಪಗಿದ್ದವರು ವಿಪರೀತವಾಗಿ ಊಟ ಬಿಟ್ಟು, ಬೇಗ ಬೇಗ ಇಳಿದು, ಇನ್ನೂ ‘ಸಾಮಾನ್ಯ’ ತೂಕದಲ್ಲೇ ಇರುವಾಗ ಎಲ್ಲರೂ ಹೊಗಳುತ್ತಿರುತ್ತಾರೆ. ಒಳಗೆ ಹೃದಯದ ಬಡಿತ, ರಕ್ತದೊತ್ತಡ ಕುಸಿಯುತ್ತಿರುತ್ತದೆ. ಇದನ್ನು ಅಟಿಪಿಕಲ್ ಅನೊರೆಕ್ಸಿಯಾ ಅನ್ನುತ್ತಾರೆ. ಅಪಾಯ ಮಾತ್ರ ಮಾಮೂಲಿ ಅನೊರೆಕ್ಸಿಯಾದಷ್ಟೇ ಇರಬಹುದು.

ಅನುಮಾನ ಇದ್ದರೆ ಸ್ಕಾಫ್ ಅನ್ನುವ ಐದು ಪ್ರಶ್ನೆಗಳ ಪಟ್ಟಿ ಇದೆ. 1999ರಲ್ಲಿ ಪ್ರಕಟವಾದದ್ದು. ಹೊಟ್ಟೆ ತುಂಬಿ ಸಂಕಟವಾಗಿ ವಾಂತಿ ಮಾಡಿಕೊಳ್ಳುತ್ತೀರಾ, ಎಷ್ಟು ತಿನ್ನುತ್ತೇನೆ ಅನ್ನುವುದರ ಮೇಲೆ ಹಿಡಿತ ತಪ್ಪಿದೆ ಅನ್ನಿಸುತ್ತದಾ, ಮೂರು ತಿಂಗಳಲ್ಲಿ ತೂಕ ಬಹಳ ಇಳಿದಿದೆಯಾ, ಬೇರೆಯವರು ಸಣ್ಣಗಿದ್ದೀರಿ ಅಂದರೂ ನಿಮಗೆ ದಪ್ಪಗಿದ್ದೇನೆ ಅನ್ನಿಸುತ್ತದಾ, ಬದುಕೆಲ್ಲ ಊಟದ ಯೋಚನೆಯೇ ಆಗಿದೆಯಾ? ಎರಡಕ್ಕೆ ಹೌದು ಅಂದರೆ ವೈದ್ಯರ ಹತ್ತಿರ ಹೋಗಬೇಕು. ಇದು ರೋಗ ನಿರ್ಣಯ ಅಲ್ಲ, ಬಾಗಿಲು ತಟ್ಟಲು ಒಂದು ಕಾರಣ, ಅಷ್ಟೇ. ಬಿಂಜ್ ಈಟಿಂಗ್ ಮತ್ತು ಆರ್ಫಿಡ್ ಇದರ ಕೈಗೆ ಸಿಗದೆ ತಪ್ಪಿಸಿಕೊಳ್ಳಬಹುದು ಅನ್ನುವುದೂ ನೆನಪಿರಲಿ.

ಮೊದಲು ದೇಹ, ಆಮೇಲೆ ಮಿಕ್ಕಿದ್ದೆಲ್ಲ

2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ಲೆಕ್ಕ ಮಾಡಿದಾಗ, ಅನೊರೆಕ್ಸಿಯಾ ಇರುವವರ ಸಾವಿನ ಪ್ರಮಾಣ ಅದೇ ವಯಸ್ಸಿನ ಮಿಕ್ಕವರಿಗಿಂತ ಐದು ಪಟ್ಟಿಗೂ ಜಾಸ್ತಿ ಕಂಡಿತು. ಸತ್ತವರಲ್ಲಿ ಸುಮಾರು ಐದರಲ್ಲಿ ಒಬ್ಬರದು ಆತ್ಮಹತ್ಯೆ. ಹಾಗಾಗಿ ಯಾವ ಥೆರಪಿ ಒಳ್ಳೆಯದು ಅನ್ನುವ ಚರ್ಚೆಗೆ ಮುಂಚೆ ಒಬ್ಬ ಎಂಬಿಬಿಎಸ್ ಡಾಕ್ಟರ್ ಮುಂದೆ ಕೂರಬೇಕು.

ಅವರು ನೋಡಬೇಕಾದದ್ದು: ನಾಡಿ, ಮಲಗಿದಾಗ ಮತ್ತು ಎದ್ದು ನಿಂತಾಗ ರಕ್ತದೊತ್ತಡ, ಮೈಯ ಉಷ್ಣತೆ, ಇಸಿಜಿ, ರಕ್ತದಲ್ಲಿ ಪೊಟ್ಯಾಶಿಯಂ, ಫಾಸ್ಫೇಟ್, ಮೆಗ್ನೀಶಿಯಂ, ಸಕ್ಕರೆ. ಬರೀ ರಕ್ತ ಪರೀಕ್ಷೆ ಮಾಡಿ ‘ಎಲ್ಲ ನಾರ್ಮಲ್’ ಅಂದರೆ ನಂಬಿ ಎದ್ದು ಬರಬೇಡಿ. ಸಾಕಷ್ಟು ಹದಗೆಟ್ಟವರ ರಿಪೋರ್ಟ್ ಕೂಡ ಚೆನ್ನಾಗಿಯೇ ಬರಬಹುದು. ಹದಿಹರೆಯದವರಲ್ಲಿ ಹಗಲು ಹೊತ್ತಿನ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ ಅಡ್ಮಿಟ್ ಮಾಡುವ ಬಗ್ಗೆ ಯೋಚಿಸಲೇಬೇಕು. ‘ಆಟಗಾರರಿಗೆ ಹಾಗೇ ಇರುತ್ತೆ’ ಅನ್ನುವ ಸಮಾಧಾನ ಊಟ ಬಿಟ್ಟವರ ವಿಷಯದಲ್ಲಿ ನಡೆಯುವುದಿಲ್ಲ.

ತಲೆ ಸುತ್ತಿ ಬೀಳುವುದು, ಎದೆನೋವು, ನೀರನ್ನೂ ಕುಡಿಯದಿರುವುದು, ದಿನಕ್ಕೆ ಹಲವು ಸಲ ವಾಂತಿ, ವಾಂತಿಯಲ್ಲಿ ರಕ್ತ, ಸಾಯುವ ಮಾತು. ಇವುಗಳಲ್ಲಿ ಒಂದಿದ್ದರೂ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದುಕೊಂಡು ಹೋಗಿ. ಟೈಪ್ 1 ಡಯಾಬಿಟಿಸ್ ಇರುವವರು ತೂಕ ಇಳಿಸಲು ಇನ್ಸುಲಿನ್ ಬಿಡುತ್ತಿದ್ದರೆ ಅದೂ ಇದೇ ಸಾಲಿಗೆ ಸೇರಿದ್ದು.

ಇನ್ನೊಂದು ಎಚ್ಚರಿಕೆ. ಬಹಳ ದಿನ ಏನೂ ಸರಿಯಾಗಿ ತಿನ್ನದವರಿಗೆ ಮನೆಯಲ್ಲಿ ಒಮ್ಮೆಲೇ ಹೊಟ್ಟೆತುಂಬ ಉಣ್ಣಿಸಿ ತೂಕ ಏರಿಸಲು ಹೋಗಬೇಡಿ. ಬರಗೆಟ್ಟ ದೇಹಕ್ಕೆ ಆಹಾರ ಸಿಕ್ಕ ಕೂಡಲೇ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಶಿಯಂ ಜೀವಕೋಶಗಳ ಒಳಕ್ಕೆ ನುಗ್ಗುತ್ತವೆ, ರಕ್ತದಲ್ಲಿ ಅವು ಸಟ್ಟನೆ ಕುಸಿಯುತ್ತವೆ. ಇದೇ ರೀಫೀಡಿಂಗ್ ಸಿಂಡ್ರೋಮ್. ಎರಡನೇ ಮಹಾಯುದ್ಧದಲ್ಲಿ ಸೆರೆಯಿಂದ ಬಿಡುಗಡೆಯಾದವರು ಊಟ ಸಿಕ್ಕ ಮೇಲೆ ಸತ್ತದ್ದನ್ನು ನೋಡಿ ವೈದ್ಯರು ಇದನ್ನು ಅರಿತರು. ಇಂಥವರಿಗೆ ಮೊದಲ ಕೆಲವು ದಿನ ರಕ್ತ ಪರೀಕ್ಷೆ ಮಾಡುತ್ತಾ, ಥಯಮಿನ್ (ವಿಟಮಿನ್ ಬಿ1) ಕೊಡುತ್ತಾ, ಆಸ್ಪತ್ರೆಯಲ್ಲಿ ಊಟ ಶುರುಮಾಡುವುದೇ ಸರಿ.

ಆಸ್ಪತ್ರೆಯೋ, ಮನೆಯೋ, ನಡುವಿನದೋ

ವಾರಕ್ಕೊಮ್ಮೆ ಹೋಗಿ ಬರುವುದು, ವಾರದಲ್ಲಿ ಮೂರ್ನಾಲ್ಕು ದಿನ ಕೆಲವು ಗಂಟೆ ಹೋಗುವುದು, ದಿನವಿಡೀ ಇದ್ದು ರಾತ್ರಿ ಮನೆಗೆ ಬರುವ ಡೇ ಪ್ರೋಗ್ರಾಂ, ಅಲ್ಲೇ ಉಳಿಯುವ ರೆಸಿಡೆನ್ಶಿಯಲ್ ಕೇಂದ್ರ, ಆಸ್ಪತ್ರೆ ವಾರ್ಡ್. ಮೆಟ್ಟಿಲು ಇಷ್ಟು. ಎಲ್ಲ ಕಡೆ ಎಲ್ಲವೂ ಸಿಗುವುದಿಲ್ಲ, ಸಿಕ್ಕಿದ್ದರಲ್ಲಿ ಆರಿಸಬೇಕು.

ಜನಕ್ಕೆ ಸಹಜವಾಗಿ ಅನ್ನಿಸುವುದು ‘ಅಡ್ಮಿಟ್ ಮಾಡಿದರೆ ಪೂರ್ತಿ ಗುಣ ಮಾಡಿಯೇ ಕಳಿಸಲಿ’ ಅಂತ. ಪುರಾವೆ ಹಾಗೆ ಹೇಳುವುದಿಲ್ಲ. ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ಹದಿಹರೆಯದವರ ಒಂದು ಗುಂಪನ್ನು ದೇಹ ಸ್ಥಿರವಾದ ಕೂಡಲೇ ಮನೆಗೆ ಕಳಿಸಿದರು, ಇನ್ನೊಂದು ಗುಂಪನ್ನು ತೂಕ ಪೂರ್ತಿ ಏರುವವರೆಗೆ ಇಟ್ಟುಕೊಂಡರು. ಎರಡಕ್ಕೂ ಆಮೇಲೆ ಕುಟುಂಬ ಚಿಕಿತ್ಸೆ ಸಿಕ್ಕಿತು. ಜಾಸ್ತಿ ದಿನ ಉಳಿದದ್ದರಿಂದ ಮುಂದಿನ ವರ್ಷದಲ್ಲಿ ವಿಶೇಷ ಲಾಭ ಕಾಣಲಿಲ್ಲ. 2014ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲೂ ಅಷ್ಟೇ. ಮೂರು ವಾರ ವಾರ್ಡ್‌ನಲ್ಲಿದ್ದು ಡೇ ಪ್ರೋಗ್ರಾಂಗೆ ಹೋದವರು, ವಾರ್ಡ್‌ನಲ್ಲೇ ಉಳಿದವರಿಗಿಂತ ಹಿಂದೆ ಬೀಳಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಪ್ರಾಣಾಪಾಯ ಇದ್ದರೆ ಆಸ್ಪತ್ರೆಗೆ ಹಿಂದೆಮುಂದೆ ನೋಡಬೇಡಿ. ದೇಹ ಸ್ಥಿರವಾದ ಮೇಲೆ ಅಲ್ಲಿಂದ ಬೇಗ ಹೊರಬರಲು ಹಿಂದೆಮುಂದೆ ನೋಡಬೇಡಿ. ಆದರೆ ಹೊರಬಂದ ಮೊದಲ ವಾರದಲ್ಲೇ ಮುಂದಿನ ಚಿಕಿತ್ಸೆ ಶುರುವಾಗುವಂತೆ, ಡಿಸ್ಚಾರ್ಜ್‌ಗೆ ಮುಂಚೆಯೇ ತಾರೀಖು ಗೊತ್ತುಮಾಡಿಕೊಂಡಿರಬೇಕು. ಕಾಯಿಲೆ ಮರಳಿ ಬರುವ ಕಿಂಡಿ ಅದೇ. ಇನ್ನು, ಮನೆಯಲ್ಲಿ ಎಷ್ಟು ಮಾಡಿದರೂ ಊಟ ಮುಂದಕ್ಕೆ ಹೋಗುತ್ತಿಲ್ಲ, ಆದರೆ ನಾಡಿ, ರಕ್ತದೊತ್ತಡ ಚೆನ್ನಾಗಿದೆ ಅನ್ನುವವರಿಗೆ ಡೇ ಪ್ರೋಗ್ರಾಂ ಹೇಳಿಮಾಡಿಸಿದ್ದು.

ಹದಿಹರೆಯದವರಿಗೆ: ಅಪ್ಪ ಅಮ್ಮ ಒಳಗೆ ಇರಬೇಕೋ, ಹೊರಗೋ?

ಇಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಹದಿಹರೆಯದ ಅನೊರೆಕ್ಸಿಯಾಕ್ಕೆ ಮೊದಲು ಹುಡುಕಬೇಕಾದದ್ದು ಕುಟುಂಬ ಆಧಾರಿತ ಚಿಕಿತ್ಸೆ, ಅಂದರೆ ಎಫ್‌ಬಿಟಿ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಅದಕ್ಕೂ ಮುಂಚೆ ‘ಅಪ್ಪ ಅಮ್ಮನೇ ಕಾರಣ, ಅವರನ್ನು ದೂರ ಇಡಿ’ ಅನ್ನುತ್ತಿದ್ದ ಕಾಲ. ಮಾಡ್ಸ್ಲಿಯವರು ತದ್ವಿರುದ್ಧ ಹೇಳಿದರು: ಕಾರಣ ಯಾರೇ ಇರಲಿ, ಊಟ ಮಾಡಿಸುವ ಶಕ್ತಿ ಇರುವುದು ಅಪ್ಪ ಅಮ್ಮನ ಕೈಯಲ್ಲೇ.

ಮೂರು ಹಂತ. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ತಿನ್ನಬೇಕು ಅನ್ನುವುದನ್ನೆಲ್ಲ ಹೆತ್ತವರು ತೀರ್ಮಾನಿಸುತ್ತಾರೆ. ಎರಡನೆಯದರಲ್ಲಿ ನಿಧಾನವಾಗಿ ಮಗುವಿನ ಕೈಗೆ ಬಿಡುತ್ತಾರೆ. ಮೂರನೆಯದರಲ್ಲಿ ಊಟ ಬಿಟ್ಟು ಮಿಕ್ಕ ಬದುಕಿನ ಮಾತು. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು, ಸುಮಾರು 20 ಸೆಷನ್.

ಕೇಳಲು ಸುಲಭ. ಒಂದು ಊಟ ಹೇಗಿರುತ್ತದೆ ನೋಡಿ. ತಟ್ಟೆಯನ್ನು ಬಡಿಸುವುದು ಅಮ್ಮ, ಮಗಳಲ್ಲ. ಅಪ್ಪ ಪಕ್ಕದಲ್ಲಿ ಕೂತಿದ್ದಾರೆ, ಫೋನ್ ದೂರ ಇದೆ. ಮಗಳು ಮೂರು ತುತ್ತು ತಿಂದು ತಟ್ಟೆ ತಳ್ಳುತ್ತಾಳೆ. ‘ಇದು ಜಾಸ್ತಿಯಾಯ್ತು, ನಿನ್ನೆ ಇಷ್ಟು ಇರಲಿಲ್ಲ.’ ಇಲ್ಲಿ ಅಮ್ಮ ನಿನ್ನೆಯ ಅಳತೆಯ ಚರ್ಚೆಗೆ ಇಳಿದರೆ ಕೆಟ್ಟಿತು, ಆ ವಾದದಲ್ಲಿ ಕಾಯಿಲೆ ಯಾವಾಗಲೂ ಗೆಲ್ಲುತ್ತದೆ. ‘ಗೊತ್ತು, ಕಷ್ಟ ಆಗ್ತಿದೆ. ಮುಂದಿನ ತುತ್ತು ತಗೋ’ ಅಂದು ತಟ್ಟೆಯನ್ನು ಮತ್ತೆ ಹತ್ತಿರ ಸರಿಸುತ್ತಾರೆ. ಮಗಳು ಅಳುತ್ತಾಳೆ, ಕೂಗಾಡುತ್ತಾಳೆ, ‘ನೀನು ನನ್ನ ಅಮ್ಮನೇ ಅಲ್ಲ’ ಅನ್ನುತ್ತಾಳೆ. ಅಮ್ಮ ಮತ್ತೆ ಅದೇ ವಾಕ್ಯ, ಅದೇ ದನಿಯಲ್ಲಿ. ಅಪ್ಪನೂ ಅದನ್ನೇ ಹೇಳುತ್ತಾರೆ. ‘ಹೋಗ್ಲಿ ಬಿಡು, ಇವತ್ತಿಗೆ ಸಾಕು’ ಅಂತ ಒಬ್ಬರು ಕರಗಿದರೆ ಇನ್ನೊಬ್ಬರ ಅರ್ಧ ಗಂಟೆಯ ಶ್ರಮ ನೀರುಪಾಲು. ಊಟ ಮುಗಿದ ಮೇಲೂ ಒಂದು ಗಂಟೆ ಮಗಳ ಜೊತೆಯಲ್ಲೇ ಇರುತ್ತಾರೆ, ಬಾತ್‌ರೂಮಿಗೆ ಒಬ್ಬಳೇ ಹೋಗದಂತೆ. ಇದು ದಿನಕ್ಕೆ ಐದಾರು ಸಲ, ವಾರಗಟ್ಟಲೆ. ಕೆಲಸಕ್ಕೆ ರಜೆ ಹಾಕದೆ ಮೊದಲ ವಾರಗಳನ್ನು ದಾಟುವುದು ಕಷ್ಟ.

ಇದಕ್ಕೆ ಬದಲಿ ಅಂದರೆ ಮಗು ಒಬ್ಬರೇ ಥೆರಪಿಸ್ಟ್ ಜೊತೆ ಕೂತು ಮಾತಾಡುವ ವೈಯಕ್ತಿಕ ಚಿಕಿತ್ಸೆ. ಮನೆಯಲ್ಲಿ ಜಗಳ ಕಡಿಮೆ, ಮಗುವಿಗೂ ಇಷ್ಟ. ಆದರೆ 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 121 ಹದಿಹರೆಯದವರನ್ನು ಎರಡು ಗುಂಪು ಮಾಡಿ ನೋಡಿದಾಗ, ಚಿಕಿತ್ಸೆ ಮುಗಿದು ಒಂದು ವರ್ಷದ ಮೇಲೆ ಪೂರ್ತಿ ಚೇತರಿಸಿಕೊಂಡವರು ಎಫ್‌ಬಿಟಿಯಲ್ಲಿ ಶೇ. 49, ವೈಯಕ್ತಿಕ ಚಿಕಿತ್ಸೆಯಲ್ಲಿ ಶೇ. 23. ದುಪ್ಪಟ್ಟಿಗೂ ಜಾಸ್ತಿ. ಜೊತೆಗೆ ಇನ್ನೊಂದನ್ನೂ ಗಮನಿಸಿ: ಒಳ್ಳೆಯ ಚಿಕಿತ್ಸೆಯಲ್ಲೂ ಅರ್ಧದಷ್ಟು ಮಂದಿ ಆ ಹೊತ್ತಿಗೆ ಪೂರ್ತಿ ಗುಣವಾಗಿರಲಿಲ್ಲ. ಯಾರಾದರೂ ‘ನೂರಕ್ಕೆ ನೂರು ಗ್ಯಾರಂಟಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಎಫ್‌ಬಿಟಿ ಯಾರಿಗೆ ಬೇಡ? ಮನೆಯಲ್ಲಿ ಹಿಂಸೆ, ದೌರ್ಜನ್ಯ ಇದ್ದರೆ ಬೇಡವೇ ಬೇಡ. ಹೆತ್ತವರೇ ಗಂಭೀರ ಕಾಯಿಲೆಯಲ್ಲಿದ್ದು ಊಟ ನೋಡಿಕೊಳ್ಳಲು ಆಗದಿದ್ದರೆ ಕಷ್ಟ. ಬರೀ ಬೈಗುಳ, ಚುಚ್ಚುಮಾತು ಜಾಸ್ತಿ ಇರುವ ಮನೆಯಾದರೆ ಬೇರೆ ದಾರಿ ಇದೆ. ಹೆತ್ತವರನ್ನು ಬೇರೆ, ಮಗುವನ್ನು ಬೇರೆ ಕೂರಿಸಿ ಅದೇ ಚಿಕಿತ್ಸೆ ನಡೆಸುತ್ತಾರೆ. ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

‘ಮಗು ಒಪ್ಪದೆ ಹೇಗೆ ಚಿಕಿತ್ಸೆ?’ ಅನ್ನುವವರಿಗೆ ಹಳೆಯ ಪ್ರಯೋಗವೊಂದನ್ನು ಹೇಳಬೇಕು. 1944ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರನ್ನು ಆರಿಸಿ, ಅವರ ಒಪ್ಪಿಗೆ ಪಡೆದು, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ತೂಕ ಹತ್ತಿರ ಹತ್ತಿರ ಕಾಲು ಭಾಗ ಇಳಿಯಿತು. ಯಾವ ಈಟಿಂಗ್ ಡಿಸಾರ್ಡರೂ ಇಲ್ಲದ ಆ ಗಟ್ಟಿ ಹುಡುಗರು ಅಡುಗೆ ಪುಸ್ತಕ ಓದುತ್ತಾ ಕೂರತೊಡಗಿದರು. ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು. ಸಿಡುಕಿದರು, ಖಿನ್ನರಾದರು, ಗೆಳೆಯರಿಂದ ದೂರವಾದರು. ಅಂದರೆ ನಾವು ‘ಇವಳ ಸ್ವಭಾವವೇ ಬದಲಾಗಿದೆ’ ಅನ್ನುವುದರಲ್ಲಿ ಬಹುಪಾಲು ಹಸಿವಿನ ಕೆಲಸ. ಹಸಿದ ಮೆದುಳಿನ ಒಪ್ಪಿಗೆಗೆ ಕಾಯುವುದು ಅದಕ್ಕೇ ಅರ್ಥವಿಲ್ಲದ್ದು. ಊಟ ಮೊದಲು, ಒಳನೋಟ ಆಮೇಲೆ.

ದೊಡ್ಡವರಿಗೆ: ಅನೊರೆಕ್ಸಿಯಾದಲ್ಲಿ ಗೆದ್ದ ಚಿಕಿತ್ಸೆ ಇಲ್ಲ, ಬುಲಿಮಿಯಾದಲ್ಲಿ ಇದೆ

ವಯಸ್ಕರ ಅನೊರೆಕ್ಸಿಯಾಕ್ಕೆ ಬ್ರಿಟನ್ನಿನ ನೈಸ್ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಮೂರು ಚಿಕಿತ್ಸೆಗಳನ್ನು ಸಮಾನವಾಗಿ ಮುಂದಿಟ್ಟಿತು: ಈಟಿಂಗ್ ಡಿಸಾರ್ಡರ್‌ಗೆ ಹೊಂದಿಸಿದ ಸಿಬಿಟಿ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಥೆರಪಿ), ಮಾಂಟ್ರಾ, ಮತ್ತು ಎಸ್‌ಎಸ್‌ಸಿಎಂ. ಇದು ಬಿಟ್ಟು ಅದು ಅನ್ನುವಂಥ ಸ್ಪಷ್ಟ ವ್ಯತ್ಯಾಸ ಇಲ್ಲ. ಹಾಗಾದರೆ ಆರಿಸುವುದು ಹೇಗೆ? ಬರೆಯುವುದು, ಲೆಕ್ಕ ಇಡುವುದು, ಶಿಸ್ತು ಇಷ್ಟಪಡುವವರಿಗೆ ಸಿಬಿಟಿ. ‘ಈ ಕಾಯಿಲೆ ನನಗೆ ಏನೋ ಕೊಡ್ತಿದೆ, ಬಿಟ್ಟರೆ ನಾನು ಯಾರು’ ಅನ್ನುವ ಗೊಂದಲದಲ್ಲಿರುವವರಿಗೆ ಮಾಂಟ್ರಾ, ಅದು ಆ ಗೊಂದಲವನ್ನೇ ಹಿಡಿದು ಮಾತಾಡುತ್ತದೆ. ಹೋಂವರ್ಕ್ ಕಂಡರೆ ಆಗದವರಿಗೆ ಎಸ್‌ಎಸ್‌ಸಿಎಂ, ಅಂದರೆ ತಜ್ಞರೊಬ್ಬರು ತೂಕ, ಊಟ ನೋಡಿಕೊಳ್ಳುತ್ತಾ ರೋಗಿ ತಂದ ವಿಷಯದ ಬಗ್ಗೆ ಬೆಂಬಲವಾಗಿ ಮಾತಾಡುವ ಪದ್ಧತಿ. ಇದು ನನ್ನ ಲೆಕ್ಕಾಚಾರ, ಮಾರ್ಗಸೂಚಿಯ ಮಾತಲ್ಲ. ನಿಜ ಹೇಳಬೇಕೆಂದರೆ, ಹತ್ತಿರದಲ್ಲಿ ಇವುಗಳಲ್ಲಿ ಒಂದನ್ನು ಬಲ್ಲ ಒಬ್ಬರು ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ.

ಬುಲಿಮಿಯಾದ ಕಥೆ ಬೇರೆ. ಅಲ್ಲಿ ಸಿಬಿಟಿ ಎಲ್ಲರಿಗಿಂತ ಮುಂದೆ ಇದೆ. ಡೆನ್ಮಾರ್ಕ್‌ನಲ್ಲಿ 70 ಜನರ ಮೇಲೆ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2014ರಲ್ಲಿ ಬಂತು. ಒಂದು ಗುಂಪಿಗೆ ವಾರವಾರ, ಎರಡು ವರ್ಷ ಮನೋವಿಶ್ಲೇಷಣೆಯ ಥೆರಪಿ. ಇನ್ನೊಂದಕ್ಕೆ ಐದು ತಿಂಗಳಲ್ಲಿ ಬರೀ 20 ಸೆಷನ್ ಸಿಬಿಟಿ. ಐದು ತಿಂಗಳಿಗೆ ವಿಪರೀತ ತಿನ್ನುವುದು, ಹೊರಹಾಕುವುದು ಪೂರ್ತಿ ನಿಂತವರು ಸಿಬಿಟಿಯಲ್ಲಿ ಶೇ. 42, ಇನ್ನೊಂದರಲ್ಲಿ ಶೇ. 6. ಎರಡು ವರ್ಷ ಮುಗಿದಾಗ ಶೇ. 44 ಮತ್ತು ಶೇ. 15. ಜಾಸ್ತಿ ಕಾಲ, ಆಳವಾದ ಮಾತು ಅಂದರೆ ಜಾಸ್ತಿ ಗುಣ ಅಂತಲ್ಲ. ಬಾಲ್ಯವನ್ನೆಲ್ಲ ಕೆದಕುವುದು ಆಮೇಲೂ ಆದೀತು, ಅಲ್ವಾ?

ಈ ಸಿಬಿಟಿಯಲ್ಲಿ ಮಾಡುವುದಾದರೂ ಏನು? ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ ಶುರುವಾಗುವುದು ಒಂದು ಹಾಳೆಯಿಂದ. ಹೊತ್ತು, ತಿಂದದ್ದು, ಎಲ್ಲಿ, ವಿಪರೀತ ಅನ್ನಿಸಿದರೆ ಪಕ್ಕದಲ್ಲಿ ಒಂದು ಗುರುತು, ವಾಂತಿಯಾದರೆ ಇನ್ನೊಂದು, ಕೊನೆಯ ಅಂಕಣದಲ್ಲಿ ಆಗ ಏನಾಯಿತು, ಏನನ್ನಿಸಿತು. ರಾತ್ರಿ ಕೂತು ನೆನಪಿಸಿಕೊಂಡು ಬರೆಯುವುದಲ್ಲ, ತಿಂದ ಆ ಕ್ಷಣವೇ ಬರೆಯಬೇಕು. ಕ್ಯಾಲೊರಿ ಬರೆಯುವಂತಿಲ್ಲ. ಎರಡು ವಾರದ ಹಾಳೆಗಳನ್ನು ಮೇಜಿನ ಮೇಲೆ ಹರಡಿದರೆ ಕಥೆ ತಾನಾಗೇ ಕಾಣುತ್ತದೆ. ಬೆಳಿಗ್ಗೆ ಖಾಲಿ, ಮಧ್ಯಾಹ್ನ ಖಾಲಿ, ಸಂಜೆ ಆರಕ್ಕೆ ‘ಕಂಟ್ರೋಲ್‌ನಲ್ಲಿದ್ದೇನೆ’, ರಾತ್ರಿ ಒಂಬತ್ತಕ್ಕೆ ಗುರುತುಗಳ ಸಾಲು. ತಡೆಯಲಾಗದೆ ತಿನ್ನುವುದಕ್ಕೆ ಕಾರಣ ಮನಸ್ಸಿನ ದೌರ್ಬಲ್ಯ ಅಂದುಕೊಂಡವರಿಗೆ, ಅದು ಹಗಲಿನ ಉಪವಾಸದ ಬಾಲ ಅನ್ನುವುದು ಆಗ ಗೊತ್ತಾಗುತ್ತದೆ. ಅದಕ್ಕೇ ಮೊದಲ ಮದ್ದು ಹೊತ್ತಿಗೆ ಸರಿಯಾಗಿ ಊಟ, ಮೂರ್ನಾಲ್ಕು ಗಂಟೆಗಿಂತ ಜಾಸ್ತಿ ಖಾಲಿ ಬಿಡದಂತೆ. ತೂಕ ತೀರಾ ಕಡಿಮೆ ಇಲ್ಲದವರಿಗೆ 20 ಸೆಷನ್, ತೂಕ ಏರಿಸಬೇಕಾದವರಿಗೆ ಸುಮಾರು 40.

ಇಷ್ಟು ದುಬಾರಿ ಸಮಯವೂ ಎಲ್ಲರಿಗೂ ಬೇಕಿಲ್ಲ. ಬುಲಿಮಿಯಾ ಮತ್ತು ಬಿಂಜ್ ಈಟಿಂಗ್ ಇರುವ ವಯಸ್ಕರಿಗೆ ನೈಸ್ ಮೊದಲು ಹೇಳುವುದು ಮಾರ್ಗದರ್ಶಿತ ಸ್ವಸಹಾಯ. ಸಿಬಿಟಿ ಆಧಾರದ ಪುಸ್ತಕವನ್ನು ನೀವೇ ಓದಿ ಮಾಡುತ್ತೀರಿ, 16 ವಾರದಲ್ಲಿ ನಾಲ್ಕರಿಂದ ಒಂಬತ್ತು ಸಲ, ಇಪ್ಪತ್ತು ಇಪ್ಪತ್ತು ನಿಮಿಷ ಒಬ್ಬರು ಜೊತೆ ಕೂತು ವಿಚಾರಿಸುತ್ತಾರೆ. ಅಗ್ಗದ ಚಿಕಿತ್ಸೆ ಅಂತ ಮೂಗು ಮುರಿಯಬೇಡಿ, ಸಾಕಷ್ಟು ಜನಕ್ಕೆ ಇಷ್ಟೇ ಸಾಕಾಗುತ್ತದೆ. ನಾಲ್ಕು ವಾರದಲ್ಲಿ ಏನೂ ಆಗಲಿಲ್ಲ ಅಂದರೆ ಪೂರ್ಣ ಸಿಬಿಟಿಗೆ ಹೋಗಬೇಕು. ಅನೊರೆಕ್ಸಿಯಾ ಇರುವವರಿಗೆ ಮಾತ್ರ ಪುಸ್ತಕದ ದಾರಿ ಸಾಲದು.

ಬಿಂಜ್ ಈಟಿಂಗ್ ವಿಷಯದಲ್ಲಿ ಒಂದು ಕಹಿ ಸತ್ಯವನ್ನು ಮೊದಲೇ ಹೇಳಿಬಿಡಬೇಕು. ಸಿಬಿಟಿಯಿಂದ ವಿಪರೀತ ತಿನ್ನುವುದು ನಿಲ್ಲುತ್ತದೆ, ತೂಕ ಅಷ್ಟಾಗಿ ಇಳಿಯುವುದಿಲ್ಲ. ಬಹಳ ಜನ ತೂಕ ಇಳಿಯಲಿ ಅಂತಲೇ ಬಂದಿರುತ್ತಾರೆ, ಎರಡನೇ ತಿಂಗಳಿಗೆ ಬೇಸತ್ತು ಬಿಡುತ್ತಾರೆ. ಕಟ್ಟುನಿಟ್ಟಿನ ಡಯಟ್ ಮೊದಲು ಹಿಡಿದರೆ ಹಸಿವು ಮತ್ತೆ ಅದೇ ಚಕ್ರಕ್ಕೆ ತಳ್ಳುತ್ತದೆ. ಮೊದಲು ಚಕ್ರ ನಿಲ್ಲಲಿ.

ಸಂಬಂಧಗಳ ತಿಕ್ಕಾಟವೇ ಕಾಯಿಲೆಯನ್ನು ಎಳೆಯುತ್ತಿದೆ ಅನ್ನಿಸುವವರಿಗೆ ಐಪಿಟಿ ಅನ್ನುವ, ಸಂಬಂಧಗಳನ್ನೇ ಹಿಡಿದು ಮಾತಾಡುವ ಇನ್ನೊಂದು ಚಿಕಿತ್ಸೆ ಇದೆ. ಬುಲಿಮಿಯಾದಲ್ಲಿ ಅದರ ಫಲ ಸಿಬಿಟಿಗಿಂತ ನಿಧಾನವಾಗಿ ಬರುತ್ತದೆ.

ಮಾತ್ರೆ

ಮಾತ್ರೆಯೊಂದರಿಂದಲೇ ಗುಣವಾಗುವ ಈಟಿಂಗ್ ಡಿಸಾರ್ಡರ್ ಇಲ್ಲ. ಬುಲಿಮಿಯಾಕ್ಕೆ ಫ್ಲುಯಾಕ್ಸೆಟಿನ್ ಸಹಾಯ ಮಾಡುತ್ತದೆ. ಆದರೆ ದಿನಕ್ಕೆ 60 ಮಿಲಿಗ್ರಾಂನ ಪ್ರಮಾಣದಲ್ಲಿ, ಖಿನ್ನತೆಗೆ ಸಾಮಾನ್ಯವಾಗಿ ಶುರುಮಾಡುವ 20ಕ್ಕಿಂತ ಬಹಳ ಜಾಸ್ತಿ. ಅದನ್ನು ವೈದ್ಯರೇ ಏರಿಸಬೇಕು. ಬಿಂಜ್ ಈಟಿಂಗ್‌ಗೆ ಲಿಸ್‌ಡೆಕ್ಸ್‌ಆಂಫೆಟಮಿನ್ ಅನ್ನು ಅಮೆರಿಕ 2015ರಲ್ಲಿ ಒಪ್ಪಿತು. ಅದು ಉತ್ತೇಜಕ, ಚಟ ಹತ್ತುವ ಅಪಾಯ ಇದೆ, ತೂಕ ಇಳಿಸುವ ಔಷಧ ಅಲ್ಲ. ಅನೊರೆಕ್ಸಿಯಾದಲ್ಲಿ ಓಲಾಂಜಪಿನ್ ಅನ್ನುವ ಮನೋರೋಗದ ಮಾತ್ರೆ ತೂಕಕ್ಕೆ ಸ್ವಲ್ಪ ನೆರವಾಗಬಹುದು, ಅಷ್ಟೇ. ತೂಕ ತೀರಾ ಇಳಿದಾಗ ಖಿನ್ನತೆಯ ಮಾತ್ರೆಗಳು ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ.

ಬ್ಯುಪ್ರೊಪಿಯಾನ್ ಅನ್ನುವ ಖಿನ್ನತೆಯ ಮಾತ್ರೆ ಅನೊರೆಕ್ಸಿಯಾ, ಬುಲಿಮಿಯಾ ಇರುವವರಿಗೆ ಬೇಡ, ಫಿಟ್ಸ್ ಬರುವ ಅಪಾಯ ಜಾಸ್ತಿ. ಸಿಗರೇಟ್ ಬಿಡಿಸಲೂ ಇದನ್ನೇ ಕೊಡುತ್ತಾರೆ. ಹಾಗಾಗಿ ಬೇರೆ ಯಾವುದೋ ಕಾರಣಕ್ಕೆ ಡಾಕ್ಟರ್ ಬಳಿ ಹೋದಾಗಲೂ ಈ ಕಾಯಿಲೆಯ ವಿಷಯ ಮುಚ್ಚಿಡಬೇಡಿ. ಹಲ್ಲಿನ ಡಾಕ್ಟರ್‌ಗೂ ಹೇಳಿ. ವಾಂತಿಯಾದ ತಕ್ಷಣ ಹಲ್ಲುಜ್ಜಿದರೆ ಆಮ್ಲದಿಂದ ಮೆತ್ತಗಾದ ಎನಾಮಲ್ ಇನ್ನಷ್ಟು ಸವೆಯುತ್ತದೆ, ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು.

ಯಾರನ್ನು ನಂಬುವುದು, ಯಾವಾಗ ಬದಲಿಸುವುದು

ಡಯಟಿಷಿಯನ್ ತಂಡದಲ್ಲಿ ಇರಬೇಕು, ತಂಡವೇ ಆಗಬಾರದು. ಚಾರ್ಟ್ ಕೊಟ್ಟು ಕಳಿಸಿದರೆ ಅನೊರೆಕ್ಸಿಯಾ ಇರುವವರು ಅದನ್ನೂ ಇನ್ನೊಂದು ನಿಯಮ ಮಾಡಿಕೊಳ್ಳುತ್ತಾರೆ. ವಿಡಿಯೊ ಕಾಲ್ ಮೂಲಕ ಥೆರಪಿ ನಡೆಸಬಹುದು, ಹತ್ತಿರದಲ್ಲಿ ತಜ್ಞರಿಲ್ಲದವರಿಗೆ ಅದೇ ದಾರಿ. ಆದರೆ ನಾಡಿ, ತೂಕ ನೋಡಲು ಊರಿನ ಡಾಕ್ಟರ್ ಒಬ್ಬರು ಇರಲೇಬೇಕು.

ಥೆರಪಿಸ್ಟ್ ಒಬ್ಬರನ್ನು ಮೊದಲ ಸಲ ಕಂಡಾಗ ಸಂಕೋಚ ಬಿಟ್ಟು ಕೇಳಿ. ಈ ಕಾಯಿಲೆಗೆ ಯಾವ ಪದ್ಧತಿ ಬಳಸುತ್ತೀರಿ? ತೂಕವನ್ನು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ? ಮನೆಯವರ ಪಾತ್ರ ಏನು? ಸರಿಹೋಗುತ್ತಿಲ್ಲ ಅಂತ ಯಾವಾಗ, ಯಾವುದರಿಂದ ಗೊತ್ತಾಗುತ್ತದೆ? ‘ಮೂಲ ಕಾರಣ ಸಿಕ್ಕರೆ ಊಟ ತಾನಾಗೇ ಸರಿಹೋಗುತ್ತೆ’ ಅನ್ನುವ ಉತ್ತರ ಬಂದರೆ ಬೇರೆಯವರನ್ನು ನೋಡಿ. ಎಷ್ಟೇ ಒಳ್ಳೆಯವರಾಗಿರಲಿ, ಅಷ್ಟೇ.

ಕೊನೆಯ ಪ್ರಶ್ನೆಗೆ ಒಂದು ಅಳತೆ ಇದೆ: ಮೊದಲ ನಾಲ್ಕು ವಾರ. ಎಫ್‌ಬಿಟಿಯಲ್ಲಿ ನಾಲ್ಕನೇ ಸೆಷನ್ ಹೊತ್ತಿಗೆ ಎರಡು ಕಿಲೋಗಿಂತ ತುಸು ಜಾಸ್ತಿ ತೂಕ ಏರಿದವರು ಕೊನೆಗೆ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಸಿಬಿಟಿಯಲ್ಲೂ ಮೊದಲ ನಾಲ್ಕು ವಾರದಲ್ಲಿ ಸುಧಾರಣೆ ಕಂಡವರೇ ಮುಂದೆ ಚೆನ್ನಾಗಿರುತ್ತಾರೆ. ಆ ಹೊತ್ತಿಗೆ ಏನೂ ಅಲುಗಾಡಿಲ್ಲ ಅಂದರೆ ಚಿಕಿತ್ಸೆಯನ್ನೇ ಬಿಡುವುದಲ್ಲ. ಒಂದು ಮೆಟ್ಟಿಲು ಮೇಲಿನದಕ್ಕೆ ಹೋಗುವುದು, ಅಥವಾ ಅದೇ ಚಿಕಿತ್ಸೆಯಲ್ಲಿ ಏನನ್ನು ಬಿಗಿ ಮಾಡಬೇಕು ಅಂತ ಥೆರಪಿಸ್ಟ್ ಜೊತೆ ಕೂತು ಮಾತಾಡುವುದು. ಬಹಳ ಸಲ ಬಿಗಿ ಮಾಡಬೇಕಾದದ್ದು ತೀರಾ ಸಣ್ಣದಾಗಿರುತ್ತದೆ: ಶಾಲೆಯ ಮಧ್ಯಾಹ್ನದ ಊಟವನ್ನು ಯಾರೂ ನೋಡುತ್ತಿಲ್ಲ, ಭಾನುವಾರ ಹಾಳೆ ಬರೆಯುತ್ತಿಲ್ಲ, ತೂಕ ನೋಡುವ ಬೆಳಿಗ್ಗೆ ಎರಡು ಲೀಟರ್ ನೀರು ಕುಡಿದು ಬರುತ್ತಿದ್ದಾರೆ.